ಕೊಚ್ಚಿಗೆ ಹೋದ ಮಂಡಿ

ಹೊರಡುವ ಮುನ್ನ

ನಾನು ಹಡಗು ಹತ್ತಿ ಹೋದವಳಲ್ಲ, ವಿಮಾನ ಹತ್ತಿ ಹೋದವಳೂ ಅಲ್ಲ. ಬೆಂಗಳೂರಿನಿಂದ ಒಂದು ರೈಲು, ಅಷ್ಟೇ. ಆದರೂ ಮೈಸೂರಿನ ಮನೆಯ ಬಾಗಿಲಲ್ಲಿ ನಿಂತು ನಮ್ಮಜ್ಜಿ ನನ್ನನ್ನು ಪರದೇಶಕ್ಕೆ ಕಳಿಸುವ ಹಾಗೇ ಕಳಿಸಿಕೊಟ್ಟಳು. ಅಲ್ಲಿ ನೀರು ಬೇರೆ, ಎಣ್ಣೆ ಬೇರೆ, ಮಾತು ಬೇರೆ. ಇವೆಲ್ಲ ಬೇರೆಯಾದ ಮೇಲೆ ಅದು ಪರದೇಶವಲ್ಲದೆ ಇನ್ನೇನು ಎಂಬುದು ಅವಳ ವಾದ.

“ಅಷ್ಟು ದೂರ ಏನಕ್ಕೇ ಹೋಗ್ತಿರೋದು?”

“ಒಬ್ಬರು ನಡೆಯೋದನ್ನ ನೋಡೋಕೆ ಅಜ್ಜಿ.”

“ನಡೆಯೋದನ್ನ ನೋಡೋಕೆ ಕೊಚ್ಚಿಗೆ ಹೋಗ್ಬೇಕಾ? ಈ ಜಗಲಿ ಮೇಲೆ ಕೂತ್ಕೊ. ಇಡೀ ಮೈಸೂರೇ ಎದುರಿಗೆ ನಡ್ಕೊಂಡು ಹೋಗತ್ತೆ.”

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಾನು ಡಾಕ್ಟರೇಟ್‌ಗೆ ಓದುತ್ತಿದ್ದುದೇ ಮನುಷ್ಯರ ನಡಿಗೆಯ ಬಗ್ಗೆ. ಬಯೋಮೆಕಾನಿಕ್ಸ್ ಎಂದರೆ ಆಗ ಯಾರಿಗೂ ತಿಳಿಯುತ್ತಿರಲಿಲ್ಲ. ದೇಹವನ್ನು ಯಂತ್ರದ ಹಾಗೆ ಲೆಕ್ಕ ಹಾಕುವುದು ಎಂದು ವಿವರಿಸಿದರೆ, ಕೇಳಿದವರು ತಮ್ಮ ಬೆನ್ನುನೋವಿನ ಕಥೆ ಶುರುಮಾಡುತ್ತಿದ್ದರು.

ಇಷ್ಟು ಹೇಳಿಬಿಟ್ಟರೆ ಮುಂದಿನದು ಸುಲಭವಾಗುತ್ತದೆ. ತೊಡೆಯಿಂದ ಕೆಳಗೆ ಕಾಲು ಕಳೆದುಕೊಂಡವರಿಗೆ ಆಗ ಸಾಮಾನ್ಯವಾಗಿ ಸಿಗುತ್ತಿದ್ದುದು ಸೆಟೆದ ಕಾಲು. ನಡೆಯುವಾಗ ಅದು ಕೋಲಿನಂತೆ ನೆಟ್ಟಗಿರುತ್ತಿತ್ತು; ಕೂರುವಾಗ ಕೊಂಡಿ ತೆಗೆದು ಮಡಚಬೇಕಿತ್ತು. ನಡೆಯುವಾಗಲೂ ಮಡಚುವ ಮಂಡಿಗಳು ವಿದೇಶದಿಂದ ಬರುತ್ತಿದ್ದವು, ಆದರೆ ಅವನ್ನು ಲೆಕ್ಕ ಹಾಕಿದ್ದು ಬೂಟು ತೊಟ್ಟ ಕಾಲಿಗೆ. ಬೂಟಿನ ಭಾರವಿದ್ದರೆ ಮಂಡಿಯ ಕೆಳಗಿನ ಭಾಗ ಗಡಿಯಾರದ ಲೋಲಕದ ಹಾಗೆ ತೂಗಿ ಹೊತ್ತಿಗೆ ಸರಿಯಾಗಿ ಮುಂದೆ ಬರುತ್ತದೆ. ಬರಿಗಾಲಾದರೆ ಆ ತೂಗಾಟವೇ ಬೇರೆ. ಬರಿಗಾಲಿನವರಿಗೆ ಒಂದು ಮಂಡಿಯನ್ನು ಲೆಕ್ಕ ಹಾಕುವುದು ನನ್ನ ಪ್ರಬಂಧದ ವಿಷಯವಾಗಿತ್ತು. ಲೆಕ್ಕ ಮುಗಿಸಿ, ಲೇತಿನಲ್ಲಿ ಕಡೆಸಿ, ಸ್ಕ್ರೂ ತಿರುಗಿಸಿದರೆ ಬಿಗಿ ಹೆಚ್ಚುಕಡಿಮೆಯಾಗುವಂತೆ ಮಾಡಿ, ಒಂದು ಮಂಡಿಯನ್ನು ತಯಾರಿಸಿಯೂ ಇದ್ದೆ. ಬೆಂಗಳೂರಿನ ನಮ್ಮ ಪ್ರಯೋಗಶಾಲೆಯಲ್ಲಿ ಚಡ್ಡಿ ತೊಟ್ಟ ಒಬ್ಬರು ಅದನ್ನು ಹಾಕಿಕೊಂಡು ಚೆನ್ನಾಗಿಯೇ ನಡೆದಿದ್ದರು.

ನಮ್ಮ ಪ್ರೊಫೆಸರರ ಸ್ನೇಹಿತರಾದ ಡಾಕ್ಟರ್ ಮೇನೋನ್ ಎಂಬವರು ತಿರುವನಂತಪುರದಲ್ಲಿ ಮೂಳೆಯ ವೈದ್ಯರು. ಅವರು ಆ ಮಂಡಿಯನ್ನು ತರಿಸಿಕೊಂಡು ಕೊಚ್ಚಿಯ ಪೌಲೋಸ್ ಎಂಬವರಿಗೆ ಜೋಡಿಸಿದರು. ಅಲ್ಲಿಂದ ಕೆಟ್ಟ ಸುದ್ದಿ ಬಂತು. ತಪಾಸಣೆಗೆ ಬಂದಾಗಲೆಲ್ಲ ಪೌಲೋಸ್ ಕಾಲೆಳೆಯುತ್ತಾರೆ, ಕಾಲ್ಬೆರಳ ತುದಿ ನೆಲಕ್ಕೆ ತಾಗುತ್ತದೆ, ಒಂದು ಸಲ ಬಿದ್ದೇಬಿಡುತ್ತಿದ್ದರು.

“ಹೋಗಿ ನೋಡಿ, ಫಿಲ್ಮ್ ತೆಗೆದುಕೊಂಡು ಬನ್ನಿ,” ಎಂದರು ಪ್ರೊಫೆಸರು. “ಅವರು ನಡೆದರೆ ನಿಮ್ಮ ಕೊನೆಯ ಅಧ್ಯಾಯ ಬರೆಯಿರಿ. ನಡೆಯದಿದ್ದರೆ ಮೊದಲನೆಯ ಅಧ್ಯಾಯದಿಂದ ಬರೆಯಬೇಕಾಗುತ್ತೆ.” ಅವರು ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ಫೆಲೋಶಿಪ್ಪನ್ನು ಆಗಲೇ ಒಮ್ಮೆ ಮುಂದುವರಿಸಿದ್ದರು, ಇನ್ನೊಮ್ಮೆ ಸಾಧ್ಯವಿರಲಿಲ್ಲ. ಕ್ಯಾಮೆರಾ ಇನ್ನೊಂದು ವಿಭಾಗದಿಂದ ಎರವಲು ತಂದದ್ದು. ಇದ್ದ ಫಿಲ್ಮ್ ಒಂದೇ ರೀಲು.

ವೈಟ್ಟಿಲ

ನಾನು ಇಳಿದುಕೊಂಡದ್ದು ವಕೀಲ ಸದಾಶಿವ ರಾಯರ ಮನೆಯಲ್ಲಿ. ಅವರು ಕಾಸರಗೋಡಿನವರು, ಕೊಚ್ಚಿಗೆ ಸೇರಿದ ಎರ್ನಾಕುಲಂನ ಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದರು. ಅವರ ಹೆಂಡತಿ ಸುಮತಿಯಕ್ಕ ಶಾಲೆಯಲ್ಲಿ ಟೀಚರು. ನನ್ನ ತಂದೆಯ ಸ್ನೇಹಿತರ ಪರಿಚಯದವರು ಎಂಬಷ್ಟೇ ನಂಟು. ಅಷ್ಟಕ್ಕೇ ಒಂದು ಕೋಣೆಯನ್ನು ಬಿಟ್ಟುಕೊಟ್ಟಿದ್ದರು. ಅವರ ಮನೆಯಿದ್ದ ವೈಟ್ಟಿಲ ಎಂದರೆ ಆಗ ರಸ್ತೆಗಳು ಕೂಡುವಲ್ಲಿ ಒಂದಿಷ್ಟು ಅಂಗಡಿ, ಸುತ್ತ ನೀರು ನಿಂತ ಗದ್ದೆ. ಅಂಬಲಮುಗಳಿನ ಎಣ್ಣೆ ಕಾರ್ಖಾನೆಗೆ ಹೋಗುವವರು ಬೆಳಿಗ್ಗೆ ಟಿಫಿನ್ ಡಬ್ಬಿ ಹಿಡಿದು ಬಸ್ಸಿಗೆ ಕಾಯುತ್ತಿದ್ದರು.

ಜೋರು ಮಳೆಯಲ್ಲಿ ಮನೆ ಹೊಕ್ಕೆ ಎಂದು ನನ್ನ ನೆನಪು. ಡೈರಿ ತೆಗೆದು ನೋಡಿದರೆ “ಬಿಸಿಲು, ವಿಪರೀತ ಸೆಕೆ” ಎಂದಿದೆ. ಒದ್ದೆಯಾದ ಸೀರೆ ನನಗೆ ಸ್ಪಷ್ಟವಾಗಿ ನೆನಪಿದೆ. ಬಹುಶಃ ಅದು ಬೆವರು. ಆದ್ದರಿಂದ ಈ ಬರಹದಲ್ಲಿ ಡೈರಿಯಲ್ಲಿರುವುದನ್ನು ಧೈರ್ಯವಾಗಿ ಹೇಳುತ್ತೇನೆ, ಉಳಿದದ್ದನ್ನು ಸ್ವಲ್ಪ ಅಂಜುತ್ತ ಹೇಳುತ್ತೇನೆ.

ಕುಡಿಯಲು ಕೊಟ್ಟ ನೀರು ಕೆಂಪಗಿತ್ತು. ಪೈಪು ತುಕ್ಕು ಹಿಡಿದಿದೆ, ಪಾಪ ಇವರಿಗೆ ಗೊತ್ತಾಗಿಲ್ಲ ಎಂದುಕೊಂಡು ಯಾರೂ ನೋಡದಾಗ ಕಿಟಕಿಯಿಂದ ಚೆಲ್ಲಿದೆ. ಕಿಟಕಿಯ ಆಚೆ ಸುಮತಿಯಕ್ಕ ಬಟ್ಟೆ ಒಣಗಿಸುತ್ತಿದ್ದರು.

“ಎಂತ ಮಾರಾಯ್ತಿ, ಮದ್ದಿನ ನೀರನ್ನು ನನ್ನ ತಲೆಗೆ ಹಾಕುದಾ?”

“ಅಯ್ಯೋ, ತುಕ್ಕು ಅಂದ್ಕೊಂಡೆ…”

“ತುಕ್ಕಲ್ಲ, ಮರದ ಚಕ್ಕೆ ಹಾಕಿ ಕುದಿಸಿದ್ದು. ಇಲ್ಲಿ ಎಲ್ಲರ ಮನೆಯಲ್ಲಿಯೂ ಅದೇ. ನೀವು ಡಾಕ್ಟರ್ ಆಗುವವರು, ಮೂಸಿ ಆದ್ರೂ ನೋಡ್ಬೇಕಲ್ವಾ?”

ಅವರ ಮಗಳು ಉಷಾ ಕಾಲೇಜಿಗೆ ಹೋಗುವವಳು, ಬಿದ್ದು ಬಿದ್ದು ನಕ್ಕಳು. ನಾನು ಕನ್ನಡದಲ್ಲಿ ಕೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು. ಉತ್ತರ ಮಾತ್ರ ಮಲಯಾಳದಲ್ಲಿ. “ಅವಳ ಕಿವಿ ಕಾಸರಗೋಡು, ನಾಲಿಗೆ ಎರ್ನಾಕುಲಂ,” ಎಂದು ಸುಮತಿಯಕ್ಕ ಗೊಣಗಿದರು.

ಆ ಸಂಜೆ ಕಿಟಕಿಯಿಂದ ಕಂಡ ಒಂದು ಸಂಗತಿಯನ್ನು ತಮಾಷೆಗೆಂದು ಬರೆದಿಟ್ಟಿದ್ದೇನೆ. ರಾಯರು ಗೇಟಿನ ಹತ್ತಿರ ಪಕ್ಕದ ಮನೆಯವರೊಡನೆ ಹರಟುತ್ತಿದ್ದರು. ಅಲ್ಲಿ ಗಂಡಸರು ಉಡುವ ಪಂಚೆಗೆ ಮುಂಡು ಎನ್ನುತ್ತಾರೆ. ಅದನ್ನು ಕೆಳಗಿನಿಂದ ಮಡಚಿ ಮಂಡಿಯ ಮಟ್ಟಕ್ಕೆ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದರು. ಹಿರಿಯ ವಕೀಲರೊಬ್ಬರ ಕಾರು ಬಂತು. ರಾಯರ ಕೈ ಸೊಂಟಕ್ಕೆ ಹೋಯಿತು, ಮುಂಡು ಸರ್ರನೆ ಪಾದದವರೆಗೆ ಇಳಿಯಿತು. ಕಾರು ದಾಟಿ ಹೋಯಿತು, ಮುಂಡು ಮತ್ತೆ ಮೇಲೇರಿತು. ಇಷ್ಟರಲ್ಲಿ ಹರಟೆ ಒಂದು ಗಳಿಗೆಯೂ ನಿಲ್ಲಲಿಲ್ಲ. ನಮ್ಮ ಮೈಸೂರಿನಲ್ಲಿ ದೊಡ್ಡವರು ಬಂದರೆ ಎದ್ದು ನಿಲ್ಲುತ್ತೇವೆ; ಇವರು ಮೊದಲೇ ನಿಂತಿರುವುದರಿಂದ ಬಟ್ಟೆಯನ್ನಾದರೂ ಇಳಿಸುತ್ತಾರೆ ಎಂದು ತಂದೆಗೆ ಹೇಳಿ ನಗಿಸಬೇಕೆಂದುಕೊಂಡೆ. ಅಲ್ಲಿಗೆ ಮರೆತೆ.

ಬೋಟ್ ಜೆಟ್ಟಿ

ನಡಿಗೆಯನ್ನೇ ನೋಡುವ ಚಟ ಹತ್ತಿದವಳಿಗೆ ಊರಿಂದೂರಿಗೆ ಹೋದರೆ ಮೊದಲು ಕಾಣುವುದು ಕಾಲುಗಳು. ಮೈಸೂರಿನಲ್ಲಿ ಸಂಜೆ ಜನ ನಡೆಯುವುದು ನಡೆಯುವುದಕ್ಕೇ. ಎರ್ನಾಕುಲಂನಲ್ಲಿ ಹಾಗೆ ಸುಮ್ಮನೆ ಅಡ್ಡಾಡುವವರು ನನಗೆ ಕಾಣಲಿಲ್ಲ. ಎಲ್ಲರಿಗೂ ಒಂದು ಬೋಟು ತಪ್ಪಿಹೋಗುವುದರಲ್ಲಿದೆ. ಕಂಕುಳಲ್ಲಿ ಕೊಡೆ, ಕೈಯಲ್ಲಿ ಪತ್ರಿಕೆ, ಕಣ್ಣು ನೀರಿನ ಮೇಲೆ.

ಪೌಲೋಸ್ ಜೆಟ್ಟಿಯಲ್ಲಿ ಟಿಕೆಟ್ ಕೊಡುವವರು. ನಲವತ್ತು ದಾಟಿದ ಗಟ್ಟಿ ಆಳು, ದಪ್ಪ ಮೀಸೆ. ಹಿಂದೆ ಬೋಟಿನ ಹಗ್ಗಕ್ಕೆ ಸಿಕ್ಕಿ ಬಲಗಾಲು ಹೋಗಿತ್ತು. ವಯಸ್ಸಿನಲ್ಲಿದ್ದಾಗ ಮಂಗಳೂರಿನ ಬಂದರಿನಲ್ಲಿ ಕೆಲಸ ಮಾಡಿದ್ದರಿಂದ ಅವರಿಗೆ ಒಂದು ಬಗೆಯ ಕನ್ನಡ ಬರುತ್ತಿತ್ತು. ಮಾತು ದಾಟಿಸಲು ನನ್ನ ಜೊತೆ ಬಂದಿದ್ದ ಸುಮತಿಯಕ್ಕನಿಗೆ ಅರ್ಧ ಕೆಲಸ ತಪ್ಪಿತು.

“ಬನ್ನಿ ಟೀಚರೇ, ಬನ್ನಿ. ನನ್ನ ಕಾಲಿನ ಅಮ್ಮ ನೀವೇ ಅಲ್ವಾ?” ಎಂದು ಎದ್ದು ನಿಂತರು. ಅಲ್ಲಿ ಓದಿದ ಹೆಂಗಸರೆಲ್ಲ ಟೀಚರೇ. ನಾನು ತಿದ್ದಲು ಹೋಗಲಿಲ್ಲ.

“ಕಾಲು ಹೇಗಿದೆ?”

“ಫಸ್ಟ್ ಕ್ಲಾಸ್ ಉಂಟು. ಈಗ ನಾನೇ ಓಡಿ ಹೋಗಿ ಬೋಟಿನ ಹಗ್ಗ ಕಟ್ಟುದು.”

ಪಕ್ಕದಲ್ಲಿದ್ದ ಇನ್ನೊಬ್ಬ ಟಿಕೆಟಿನವರೂ ಹೌದೌದು ಎಂದು ತಲೆಯಾಡಿಸಿದರು. ನನಗೆ ಖುಷಿಯಾಯಿತು. “ಹಾಗಾದರೆ ಸ್ವಲ್ಪ ನಡೆದು ತೋರಿಸಿ,” ಎಂದೆ.

ಪೌಲೋಸ್ ನಡೆದರು. ನಡೆದರು ಎನ್ನುವುದಕ್ಕಿಂತ ಕೆಸರಿನಲ್ಲಿ ದಾಟಿದರು ಎನ್ನಬೇಕು. ಮುಂಡು ಪಾದ ಮುಚ್ಚುವಂತಿತ್ತು. ಮಂಡಿ ಕಾಣಬೇಕು ಎಂದು ಕೇಳಿಕೊಂಡಾಗ ಎರಡೂ ಕೈಗಳಿಂದ ಮುಂಡನ್ನು ಮುಂದೆ ಹಿಡಿದೆತ್ತಿ, ಹೊಳೆ ದಾಟುವವರ ಹಾಗೆ ಬಗ್ಗಿ ಬಂದರು. ಕೆಳಗಿನ ಕಾಲು ಹೊತ್ತಿಗೆ ಸರಿಯಾಗಿ ಮುಂದೆ ಬರದೆ ಬೆರಳ ತುದಿ ನೆಲ ಒರೆಸಿತು. ನಾನು ಕೂತು ಸ್ಕ್ರೂ ಸಡಿಲ ಮಾಡಿದೆ. ಮತ್ತೆ ನಡೆದರು. ಬಿಗಿ ಮಾಡಿದೆ. ಇನ್ನೂ ಕೆಟ್ಟಿತು. ನನ್ನ ಮುಖ ನೋಡಿ ಅವರಿಗೇ ಕನಿಕರವಾಯಿತು.

“ಕಾಲು ಒಳ್ಳೆಯದೇ ಟೀಚರೇ. ನೀವು ನೋಡುವಾಗ ನನಗೆ ನಡಿಲಿಕ್ಕೆ ಬರುದಿಲ್ಲ.”

ಇದನ್ನು ನಾನು ದಾಕ್ಷಿಣ್ಯದ ಮಾತು ಎಂದುಕೊಂಡೆ. ದೂರದಿಂದ ಬಂದ ಹೆಂಗಸಿನ ಮನಸ್ಸು ನೋಯಬಾರದೆಂದು ಜೆಟ್ಟಿಯ ಜನವೆಲ್ಲ ಸೇರಿ ಸುಳ್ಳು ಹೇಳುತ್ತಿದ್ದಾರೆ ಎನಿಸಿತು. ಕ್ಯಾಮೆರಾವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಲೇ ಇಲ್ಲ. ಇದ್ದ ಒಂದು ರೀಲನ್ನು ನನ್ನ ಸೋಲಿಗೆ ಖರ್ಚು ಮಾಡುವ ಮನಸ್ಸಾಗಲಿಲ್ಲ.

ವಾಪಸು ಬರುವಾಗ ಸುಮತಿಯಕ್ಕನಿಗೆ ನನ್ನ ಪುಸ್ತಕದ ವಿವರಣೆ ಕೊಟ್ಟೆ. ಕಾಲು ಕಳೆದುಕೊಂಡವರು ನಾಚಿಕೆಯಿಂದ ಅದನ್ನು ಮುಚ್ಚಿಕೊಳ್ಳುತ್ತಾರೆ, ಆ ನಾಚಿಕೆಯೇ ನಡಿಗೆಯನ್ನು ಕೆಡಿಸುತ್ತದೆ, ಹಾಗೆಂದು ಓದಿದ್ದೇನೆ ಎಂದೆ.

“ನಾಚಿಕೆಯಾ? ಆ ಮೀಸೆಯವರಿಗಾ?” ಎಂದು ಸುಮತಿಯಕ್ಕ ಕೇಳಿದರು.

ಕೋಟ್ಟಯಂ

ಡಾಕ್ಟರ್ ಮೇನೋನರ ಕೊನೆಯ ತಪಾಸಣೆ ತಿರುವನಂತಪುರದಲ್ಲಿ. ಪೌಲೋಸ್, ನಾನು, ಶಾಲೆಗೆ ರಜೆಯಿದ್ದುದರಿಂದ ನನಗೆ ಜೊತೆಯಾಗಿ ಸುಮತಿಯಕ್ಕ, ಮೂವರೂ ಹೊರಟೆವು. ಎರ್ನಾಕುಲಂನಿಂದ ಮುಂದಕ್ಕೆ ಆಗ ಸಣ್ಣ ಹಳಿಯ ರೈಲು. ಆಟದ ಸಾಮಾನಿನಂಥ ಆ ಬೋಗಿಯಲ್ಲಿ ಎದುರು ಬದುರು ಕೂತವರ ಮಂಡಿಗಳು ತಾಗುತ್ತಿದ್ದವು. ಪೌಲೋಸ್ ನನ್ನೆದುರು ಕೂತು, ತಮ್ಮ ಮರದ ಮಂಡಿ ನನಗೆ ತಾಗಬಾರದೆಂದು ದಾರಿಯುದ್ದಕ್ಕೂ ಅದನ್ನು ಪಕ್ಕಕ್ಕೆ ತಿರುಗಿಸಿಯೇ ಇಟ್ಟಿದ್ದರು. ನಾನೇ ಮಾಡಿದ ಮಂಡಿ ನನ್ನ ಮುಂದೆ ಅಷ್ಟು ಸಂಕೋಚದಿಂದ ಕೂತಿತ್ತು.

ಆಚೆ ಕೂತಿದ್ದ ಒಬ್ಬರು ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ಯಾರೂ ಬೇಡ ಎನ್ನಲಿಲ್ಲ. ಬದಲಿಗೆ ಪ್ರತಿಯೊಂದು ಸುದ್ದಿಗೂ ಬೋಗಿಯಲ್ಲಿ ಎರಡು ಪಕ್ಷಗಳಾದವು. ನಮ್ಮ ಕಡೆ ರೈಲಿನಲ್ಲಿ ಮೊದಲು ಊರು ಕೇಳುತ್ತಾರೆ, ಆಮೇಲೆ ಸಂಬಂಧ ಹುಡುಕುತ್ತಾರೆ. ಇಲ್ಲಿ ಮೊದಲು ಅಭಿಪ್ರಾಯ ಕೇಳುತ್ತಾರೆ.

ಕೋಟ್ಟಯಂನಲ್ಲಿ ರೈಲು ನಿಂತಿತು. ಚಹಾ ತರುತ್ತೇನೆಂದು ಪೌಲೋಸ್ ಇಳಿದರು. ಬೇಡವೆಂದರೂ ಕೇಳಲಿಲ್ಲ. ಚಹಾದ ಗಾಡಿ ಪ್ಲಾಟ್‌ಫಾರಂನ ಆ ತುದಿಯಲ್ಲಿತ್ತು. ನಾನು ಕಿಟಕಿಗೆ ತಲೆ ಒರಗಿಸಿ ಏನನ್ನೂ ನೋಡದೆ ಕೂತಿದ್ದೆ. ರೈಲು ಸೀಟಿ ಹಾಕಿತು.

ಆಗ ಕಂಡದ್ದನ್ನು ಎಚ್ಚರಿಕೆಯಿಂದ ಹೇಳಬೇಕು. ಜನರ ನಡುವೆ ಒಬ್ಬರು ಬರುತ್ತಿದ್ದರು. ಎರಡೂ ಕೈಯಲ್ಲಿ ಚಹಾದ ಗ್ಲಾಸು, ಮುಂಡು ಮಡಚಿ ಸೊಂಟದಲ್ಲಿ ಸಿಕ್ಕಿಸಿದೆ. ಬೆನ್ನು ನೆಟ್ಟಗೆ, ಕಣ್ಣು ಗ್ಲಾಸಿನ ಮೇಲೆ. ಹೆಜ್ಜೆ ಉದ್ದ, ಹೆಜ್ಜೆ ಸಮ. ಎಂಥ ಹದವಾದ ನಡಿಗೆ ಎಂದುಕೊಂಡೆ. ಆಮೇಲೆ ನೋಡಿದರೆ ಬಲಗಾಲಿನ ಕೆಳಗಿನ ಭಾಗ ಮರದ್ದು. ಅದು ಹಿಂದಿನಿಂದ ತೂಗಿ ಬಂದು, ನೆಟ್ಟಗಾಗಿ, ನೆಲ ಮುಟ್ಟುತ್ತಿತ್ತು. ನನ್ನ ಲೆಕ್ಕದ ಹಾಳೆಯಲ್ಲಿದ್ದ ಹಾಗೇ.

ನಾನು ಬಹುಶಃ ಕೂಗಿದೆ. ಪೌಲೋಸ್ ತಲೆಯೆತ್ತಿದರು. ನನ್ನನ್ನು ನೋಡಿದ್ದೇ ತಡ, ಮುಖ ಬದಲಾಯಿತು. ಕಿಟಕಿಯ ಹತ್ತಿರ ಬಂದು ಎರಡೂ ಗ್ಲಾಸನ್ನು ಸುಮತಿಯಕ್ಕನ ಕೈಗೆ ತುರುಕಿ, ಖಾಲಿಯಾದ ಕೈಯಿಂದ ಮೊದಲು ಮಾಡಿದ ಕೆಲಸ ಮುಂಡು ಇಳಿಸುವುದು. ಇಳಿಸಿದವರೇ ಬಾಗಿಲ ಕಡೆಗೆ ಕಾಲೆಳೆಯುತ್ತ ಹೊರಟರು. ರೈಲು ಚಲಿಸಿತ್ತು. ಯಾರೋ ಕೈಹಿಡಿದು ಮೇಲೆ ಎಳೆದುಕೊಂಡರು. ಚಹಾದವನು ಗ್ಲಾಸು, ಗ್ಲಾಸು ಎಂದು ಕೂಗುತ್ತ ಕಿಟಕಿಯ ಪಕ್ಕದಲ್ಲೇ ಓಡಿದ. ಸುಮತಿಯಕ್ಕ ಬಿಸಿ ಚಹಾವನ್ನು ಒಂದೇ ಉಸಿರಿಗೆ ಕುಡಿದು ಗ್ಲಾಸು ಕೊಟ್ಟರು. ನಾನು ನನ್ನದನ್ನು ಚೆಲ್ಲಿದೆ. ಮತ್ತೆ ಅವರ ಮೇಲೇ.

“ಈ ಮೈಸೂರಿನವರಿಗೆ ನನ್ನ ಮೇಲೆ ಎಂತ ಸಿಟ್ಟೋ!” ಎಂದು ಅವರು ಸೆರಗು ಕೊಡವಿದರು.

ನನಗೆ ಅದೊಂದೂ ಬೇಕಿರಲಿಲ್ಲ. ಬಂದು ಕೂತ ಪೌಲೋಸರನ್ನು ಹಿಡಿದುಕೊಂಡೆ.

“ಈಗ ಚೆನ್ನಾಗಿ ನಡೆದ್ರಲ್ಲ! ನಾನು ಕಣ್ಣಾರೆ ನೋಡಿದೆ.”

“ಅದು ನಡಿಗೆ ಅಲ್ಲ ಟೀಚರೇ. ಅದು ಚಹಾ ತರುದು. ನಡಿಗೆ ಅಂದ್ರೆ ನೀವು ನೋಡುವಾಗ ನಡಿಯುದಲ್ವಾ?”

“ಅದೇ ಥರ ಡಾಕ್ಟರ್ ಮುಂದೆ ನಡೀರಿ. ಮುಂಡು ಮೇಲೆ ಕಟ್ಟಿಕೊಂಡು.”

ಪೌಲೋಸ್ ಕೆನ್ನೆಗೆ ಏಟು ಬಿದ್ದವರಂತೆ ಹಿಂದೆ ಸರಿದರು. “ಡಾಕ್ಟರ್ ಸಾರ್ ಮುಂದೆಯಾ? ನನ್ನ ಜೀವ ಉಳಿಸಿದವರು ಅವರು. ಅವರ ಎದುರು, ನಿಮ್ಮ ಎದುರು, ಮುಂಡು ಮೇಲೆ ಕಟ್ಟಿ ನಿಲ್ಲಲಿಕ್ಕೆ ನಾನೆಂತ ರೌಡಿಯಾ?”

ಸಹಾಯಕ್ಕಾಗಿ ಸುಮತಿಯಕ್ಕನ ಕಡೆ ನೋಡಿದೆ. ಅವರು ಕಿಟಕಿಯ ಕಡೆ ತಿರುಗಿದರು. “ನನ್ನ ಹತ್ರ ಹೇಳ್ಬೇಡಿ. ಗಂಡಸಿಗೆ ಮುಂಡು ಎತ್ತಿ ಕಟ್ಟು ಅಂತ ಹೇಳಿದ್ದು ನಮ್ಮ ಶಾಲೆಗೆ ಗೊತ್ತಾದ್ರೆ ಅಷ್ಟೇ ಮತ್ತೆ.”

ವೈಟ್ಟಿಲದ ಗೇಟಿನಲ್ಲಿ ಮೇಲೆ ಕೆಳಗೆ ಆಡಿದ ಮುಂಡು ಆಗ ನೆನಪಿಗೆ ಬಂತು. ಬೂಟು ಇಲ್ಲ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿದ್ದೆ. ಬಟ್ಟೆ ಇದೆ ಎಂಬುದನ್ನು ತೆಗೆದುಕೊಂಡಿರಲಿಲ್ಲ. ಇಳಿಬಿಟ್ಟ ಮುಂಡು ತೂಗುವ ಕಾಲಿಗೆ ಸುತ್ತಿಕೊಂಡು ಅದನ್ನು ತಡೆಯುತ್ತದೆ. ಕೈಯಲ್ಲಿ ಎತ್ತಿ ಹಿಡಿದರೆ ತೋಳು ಬೀಸುವುದಿಲ್ಲ, ಬೆನ್ನು ಬಗ್ಗುತ್ತದೆ. ಬೇರೆ ಹೊತ್ತಿನಲ್ಲೆಲ್ಲ ಅವರು ಚೆನ್ನಾಗಿಯೇ ನಡೆಯುತ್ತಾರೆ. ಯಾರು ಅವರ ನಡಿಗೆಯನ್ನು ನೋಡಲೇಬೇಕೋ ಅವರ ಮುಂದೆ ಮಾತ್ರ, ಗೌರವದಿಂದ, ಕುಂಟುತ್ತಾರೆ.

ಹೀಗೆಂದುಕೊಂಡು ನೆಮ್ಮದಿಯಾಯಿತೇ? ಇಲ್ಲ. ರೈಲು ಮುಂದೆ ಹೋದಂತೆ ಅನುಮಾನ ಬೆಳೆಯಿತು. ಆಸೆಯಿದ್ದವಳ ಕಣ್ಣು ಆಸೆಪಟ್ಟದ್ದನ್ನೇ ನೋಡುತ್ತದೆ. ನಾನು ನೋಡಿದ್ದು ಕೆಲವೇ ಹೆಜ್ಜೆ, ಅದೂ ಜನರ ನಡುವೆ. ಬಿಸಿಲನ್ನು ಮಳೆ ಮಾಡಬಲ್ಲವಳು ಕುಂಟನ್ನು ನಡಿಗೆ ಮಾಡಲಾರೆನೇ?

ತಿರುವನಂತಪುರ

ನನ್ನ ಅನುಮಾನವನ್ನೇ ಡಾಕ್ಟರ್ ಮೇನೋನ್ ಇಂಗ್ಲಿಷಿನಲ್ಲಿ ಹೇಳಿದರು. ತಲೆ ನರೆತ, ಮಾತು ಕಡಿಮೆಯ, ಇಸ್ತ್ರಿ ಮಾಡಿದ ಪ್ಯಾಂಟಿನ ಮನುಷ್ಯ. ಆಸ್ಪತ್ರೆಯ ಉದ್ದನೆಯ ಜಗಲಿಯಲ್ಲಿ ಪೌಲೋಸ್ ಅವರ ಮುಂದೆ ನಡೆದರು. ಮುಂಡು ಪಾದದ ಮೇಲೆ. ಮೂಲೆಯಲ್ಲಿ ತಿರುಗುವಾಗ ಬೆರಳು ಸಿಕ್ಕಿಕೊಂಡಿತು. ಗೋಡೆ ಹಿಡಿಯದಿದ್ದರೆ ಬೀಳುತ್ತಿದ್ದರು.

“ಕೋಟ್ಟಯಂನಲ್ಲಿ ಇವರು ಬಹಳ ಚೆನ್ನಾಗಿ ನಡೆದರು,” ಎಂದೆ.

“ಅಳೆದಿರಾ?”

“ಇಲ್ಲ. ನೋಡಿದೆ.”

“ಅವಸರದಲ್ಲಿ ನಾಲ್ಕು ಹೆಜ್ಜೆ ಯಾರಾದರೂ ಚೆನ್ನಾಗಿ ಇಡುತ್ತಾರೆ. ಇಲ್ಲಿ ಬಿದ್ದರೆ ನಾನಿದ್ದೇನೆ. ಜೆಟ್ಟಿಯಲ್ಲಿ ಬಿದ್ದರೆ ನೀರು.”

ಮುಂಡಿನ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಸುತ್ತ ಕಿರಿಯ ವೈದ್ಯರು ನಿಂತಿದ್ದರು, ಪೌಲೋಸ್ ನನ್ನನ್ನೇ ನೋಡುತ್ತಿದ್ದರು. ಹೇಳಬೇಡಿ ಎಂದು ಆ ಕಣ್ಣು ಬೇಡುತ್ತಿತ್ತು. “ಉಡುಪಿನಿಂದ ಸ್ವಲ್ಪ ತಡೆಯಾಗುತ್ತಿರಬಹುದು,” ಎಂದೆ. ಕಿವಿಗೆ ಹೊಕ್ಕು ಹೊರಗೆ ಹೋಗುವಂಥ ಮಾತು.

“ನಾಳೆ ಹಳೆಯ ಸೆಟೆದ ಕಾಲನ್ನೇ ಹಾಕಿಬಿಡೋಣ,” ಎಂದು ಅವರು ಮುಗಿಸಿದರು. ನನ್ನ ಮುಖ ಹೇಗಾಯಿತೋ, ದನಿ ಮೆದುವಾಯಿತು. “ದೂರದಿಂದ ಬಂದಿದ್ದೀರಿ. ಆಸ್ಪತ್ರೆಗೆ ಹೋಗುವ ಮುಂಚೆ ಬೆಳಿಗ್ಗೆ ನಮ್ಮ ಮನೆಗೆ ಕಾಫಿಗೆ ಬನ್ನಿ. ಇಲ್ಲೇ ಉಳ್ಳೂರು. ಪೌಲೋಸನ್ನೂ ಕರೆದುಕೊಂಡು ಬನ್ನಿ.”

ಹೊರಗೆ ಬಂದ ಮೇಲೆ ಪೌಲೋಸ್ ಮೆಟ್ಟಿಲ ಮೇಲೆ ಕೂತು ತಮ್ಮ ಮಂಡಿಯನ್ನು ಒಮ್ಮೆ ಸವರಿದರು. “ಹಳೆ ಕಾಲು ಅಂದ್ರೆ ಮತ್ತೆ ಟಿಕೆಟಿನ ಸ್ಟೂಲು ಟೀಚರೇ. ಹಗ್ಗ ಕಟ್ಟಲಿಕ್ಕೆ ಆಗುದಿಲ್ಲ.” ಆವರೆಗೆ ನಾನು ನನ್ನ ಅಧ್ಯಾಯದ ಬಗ್ಗೆ ಮಾತ್ರ ಯೋಚಿಸುತ್ತಿದ್ದೆ.

ಉಳ್ಳೂರು, ಮರುದಿನ ಬೆಳಿಗ್ಗೆ

ಕ್ಯಾಮೆರಾವನ್ನು ಯಾಕೆ ಒಯ್ದೆನೋ ತಿಳಿಯದು. ಹೋಟೆಲಿನಲ್ಲಿ ಬಿಟ್ಟರೆ ಕಳುವಾದೀತು ಎಂದು ಡೈರಿ ಹೇಳುತ್ತದೆ. ಇರಲಿ.

ಓಣಿಯ ಕೊನೆಗೆ ಹೆಂಚಿನ ಮನೆ. ನಾವು ಗೇಟು ತೆಗೆದಾಗ ಬಾವಿಯ ಹತ್ತಿರ ಒಬ್ಬರು ಬನಿಯನ್ನು ಹಾಕಿಕೊಂಡು, ಮುಂಡು ಮಂಡಿಯ ಮೇಲಕ್ಕೆ ಕಟ್ಟಿ, ಬಾಳೆಗಿಡಗಳಿಗೆ ಬಿಂದಿಗೆಯಿಂದ ನೀರು ಹೊಯ್ಯುತ್ತಿದ್ದರು. ತೋಟದ ಆಳು ಎಂದುಕೊಂಡೆ. ಅವರು ತಿರುಗಿದರು. ಡಾಕ್ಟರ್ ಮೇನೋನ್.

ಹೆಂಗಸರನ್ನು ನೋಡಿದ್ದೇ ಅವರ ಕೈ ಸೊಂಟಕ್ಕೆ ಹೋಯಿತು, ಮುಂಡು ಇಳಿಯಿತು. ಅದೇ ಗಳಿಗೆಯಲ್ಲಿ ನಮ್ಮ ಹಿಂದೆ, ನಮಗೆ ಕಾಣದಂತೆ ಮುಂಡು ಮಡಚಿ ಕಟ್ಟಿ ಬರುತ್ತಿದ್ದ ಪೌಲೋಸ್ ಡಾಕ್ಟರನ್ನು ನೋಡಿದರು. ಅವರ ಮುಂಡೂ ಇಳಿಯಿತು. ಎದುರು ಬದುರಾಗಿ ಇಬ್ಬರು ಗಂಡಸರು ಪಾದ ಮುಚ್ಚಿಕೊಂಡು ವಿನಯದಿಂದ ನಿಂತರು. ಸುಮತಿಯಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಾನು ಅಷ್ಟೂ ಮಾಡಲಿಲ್ಲ, ಗಟ್ಟಿಯಾಗಿ ನಕ್ಕುಬಿಟ್ಟೆ. ಕೆಲವು ದಿನಗಳಿಂದ ಒಳಗೆ ಕೂತಿದ್ದ ಅಳುವೇ ನಗುವಾಗಿ ಹೊರಗೆ ಬಂತೇನೋ.

ಡಾಕ್ಟರು ತಬ್ಬಿಬ್ಬಾಗಿ ನಮ್ಮನ್ನು ಸ್ವಾಗತಿಸಲು ಮುಂದೆ ಬಂದರು. ಮುಂಡಿನ ಅಂಚು ಒದ್ದೆಯಾಗಿತ್ತು. ಅದು ಅವರ ಮೊಣಕಾಲಿನ ಕೆಳಗೆ ಸುತ್ತಿಕೊಂಡಿತು. ಅವರು ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡರು. ಇನ್ನೊಂದು ಹೆಜ್ಜೆ ಇಟ್ಟು ನಿಂತರು. ತಮ್ಮ ಕಾಲು ನೋಡಿಕೊಂಡರು. ಪೌಲೋಸರ ಕಾಲು ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಉಡುಪು ಅಂದಿರಲ್ಲ ನಿನ್ನೆ. ಇದೇನಾ?”

“ಇದೇ ಸಾರ್.”

“ನನ್ನ ಎರಡು ಒಳ್ಳೆಯ ಕಾಲಿಗೇ ಅಡ್ಡ ಬರುತ್ತಿದೆ,” ಎಂದರು. ಪೌಲೋಸರ ಕಡೆ ತಿರುಗಿ, “ಪೌಲೋಸೇ, ಮುಂಡು ಮಡಚಿ ಕಟ್ಟು,” ಎಂದು ಮಲಯಾಳದಲ್ಲಿ ಹೇಳಿದರು. ಅಷ್ಟು ಮಲಯಾಳ ನನಗೂ ತಿಳಿಯಿತು.

“ಅಯ್ಯೋ ಸಾರ್, ಬೇಡ ಸಾರ್.”

“ಕಟ್ಟು.”

“ನಿಮ್ಮ ಎದುರು ಹೇಗೆ ಸಾರ್?”

ಡಾಕ್ಟರು ಬಗ್ಗಿ ತಮ್ಮ ಒದ್ದೆ ಮುಂಡನ್ನು ಹಿಡಿದು, ಮಡಚಿ, ಸೊಂಟಕ್ಕೆ ಸಿಕ್ಕಿಸಿಕೊಂಡರು. “ಈಗ? ನಾನೂ ರೌಡಿಯೇ. ಇಬ್ಬರೂ ನಡೆಯೋಣ.”

ಪೌಲೋಸ್ ಅರ್ಧ ಒಪ್ಪಿದರು. ಕಣ್ಣಿನಿಂದಲೇ ನಮ್ಮ ಕಡೆ ತೋರಿಸಿದರು. “ಟೀಚರ್‌ಗಳು…”

“ಟೀಚರ್‌ಗಳು ಆ ಕಡೆ ತಿರುಗಿ ನಿಲ್ಲುತ್ತಾರೆ,” ಎಂದರು ಸುಮತಿಯಕ್ಕ, ಕ್ಲಾಸಿನಲ್ಲಿ ಹೇಳುವ ಹಾಗೆ.

ನಾನು ಓಣಿಯಲ್ಲಿ ಕ್ಯಾಮೆರಾವನ್ನು ಮೂರುಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದೆ. ಎಲ್ಲಿಂದ ಎಲ್ಲಿಗೆ ನಡೆಯಬೇಕೆಂದು ಎದುರಿನ ಗೋಡೆಯ ಬುಡದಲ್ಲಿ ಸುಣ್ಣದ ಗೆರೆ ಎಳೆದೆ. ಫಿಲ್ಮಿನಲ್ಲಿ ಅಳೆಯಲೆಂದು ಕೀಲುಗಳ ಮೇಲೆ ಅಂಟಿಸುವ ಬಿಳಿ ಕಾಗದದ ಬೊಟ್ಟುಗಳನ್ನು ಡಾಕ್ಟರ ಕೈಗೆ ಕೊಟ್ಟೆ. ಕ್ಯಾಮೆರಾ ಓಡಿಸುವ ಸ್ಪ್ರಿಂಗಿಗೆ ಪೂರ್ತಿ ಕೀಲಿ ಕೊಟ್ಟು, ಒತ್ತಿದ ಗುಂಡಿ ಒತ್ತಿದಂತೆಯೇ ಉಳಿಯುವ ಕೊಂಡಿ ಹಾಕಿದೆ. ಕ್ಯಾಮೆರಾ ಕಿರ್ರೆನ್ನತೊಡಗಿತು. ನನ್ನ ಡಾಕ್ಟರೇಟಿನ ಏಕೈಕ ರೀಲು ಓಡುತ್ತಿದ್ದಾಗ ನಾನು ಅದಕ್ಕೆ ಬೆನ್ನು ಮಾಡಿ, ಯಾರದೋ ಕಾಂಪೌಂಡಿನ ದಾಸವಾಳವನ್ನು ನೋಡುತ್ತ ನಿಂತೆ.

ಹಿಂದೆ ಪೌಲೋಸರ ದನಿ: “ಸಾರ್, ನಿಮಗೂ ಒಂದು ಬೊಟ್ಟು ಹಚ್ಚುವಾ.” ಸುಮತಿಯಕ್ಕ ಅದನ್ನು ನನ್ನ ಕಿವಿಯಲ್ಲಿ ಕನ್ನಡ ಮಾಡಿದರು. ಡಾಕ್ಟರ ನಗು ಕೇಳಿಸಿತು. ಇವರು ಮಾತಾಡುತ್ತಲೇ ಸ್ಪ್ರಿಂಗು ಮುಗಿಸುತ್ತಾರೆ ಎಂದು ನನಗೆ ಜೀವ ಹೋಗುವಂತಾಯಿತು. ಆಮೇಲೆ ಮಾತು ನಿಂತು ಹೆಜ್ಜೆ ಶುರುವಾಯಿತು.

ಡಾಕ್ಟರ ಬರಿಗಾಲು ಮಣ್ಣಿನ ಮೇಲೆ ಮೆತ್ತಗೆ ಬೀಳುತ್ತಿತ್ತು. ಅದರ ಪಕ್ಕದಲ್ಲಿ ಇನ್ನೊಂದು: ಒಂದು ಮೆತ್ತಗಿನ ಸದ್ದು, ಒಂದು ಗಟ್ಟಿ ಸದ್ದು. ಮೆತ್ತಗೆ, ಗಟ್ಟಿ. ಮೆತ್ತಗೆ, ಗಟ್ಟಿ. ನೆಲಕ್ಕೆ ಒರೆಸುವ ಸದ್ದಿಗೆ ಕಿವಿಗೊಟ್ಟು ಕಾಯುತ್ತಿದ್ದೆ. ಅದು ಬರಲಿಲ್ಲ. ಸದ್ದುಗಳ ನಡುವಿನ ಬಿಡುವು ಸಮವಾಗಿತ್ತು. ಗೆರೆಯ ತುದಿ ಮುಟ್ಟಿ ಹಿಂದಿರುಗಿದರು. ಆಗಲೂ ಬರಲಿಲ್ಲ. ಕ್ಯಾಮೆರಾ ಉಸಿರು ಕಟ್ಟಿದಂತೆ ನಿಂತಿತು, ಹೆಜ್ಜೆಗಳು ನಿಲ್ಲಲಿಲ್ಲ. ಅವರಿಬ್ಬರೂ ಏನೋ ಹರಟುತ್ತ ಓಣಿಯ ಆಚೆ ತುದಿಯವರೆಗೆ ಹೋಗಿಬಿಟ್ಟಿದ್ದರು. ಸುಮತಿಯಕ್ಕ ನನ್ನ ಕೈ ಹಿಡಿದುಕೊಂಡಿದ್ದರು, ಅಥವಾ ನಾನು ಅವರದನ್ನು. ಇದು ಡೈರಿಯಲ್ಲಿಲ್ಲ.

“ತಿರುಗಬಹುದಾ?” ಎಂದು ಸುಮತಿಯಕ್ಕ ಕೂಗಿ ಕೇಳಿದರು.

“ಒಂದು ನಿಮಿಷ ಚೇಚ್ಚೀ!” ಎಂದಿತು ಪೌಲೋಸರ ದನಿ. ಚೇಚ್ಚಿ ಎಂದರೆ ಅಕ್ಕ. ತಿರುಗಿದಾಗ ಎರಡೂ ಮುಂಡು ಪಾದದ ಮೇಲಿದ್ದವು.

ಕಾಫಿ ಕುಡಿಯುವಾಗ ಡಾಕ್ಟರ್ ಮೇನೋನ್ ಹಳೆಯ ಕಾಲಿನ ಮಾತೆತ್ತಲಿಲ್ಲ. “ಗೌರವ ಕೊಡುವಾಗಲೂ ಮನುಷ್ಯ ನಡೆಯಬೇಕಲ್ಲ. ಅದಕ್ಕೂ ಒಂದು ಉಪಾಯ ಮಾಡಿ,” ಎಂದರು. ಆಮೇಲೆ ನಾನು ಮಂಡಿಯ ಮುಂದೆ ರಬ್ಬರಿನ ಸಣ್ಣ ಪಟ್ಟಿಯೊಂದನ್ನು ಸೇರಿಸಿದೆ. ಬಟ್ಟೆ ಹಿಂದೆಳೆದರೆ ಅದು ಕಾಲನ್ನು ಮುಂದೆಳೆಯುತ್ತದೆ. ಪ್ರಬಂಧದಲ್ಲಿ ಅದಕ್ಕೊಂದು ಉದ್ದದ ಇಂಗ್ಲಿಷ್ ಹೆಸರಿದೆ. ಪೌಲೋಸ್ ಅದನ್ನು ಡಾಕ್ಟರ್ ಪಟ್ಟಿ ಎನ್ನುತ್ತಾರಂತೆ.

ಬೆಂಗಳೂರು

ಕಣ್ಣಾರೆ ನೋಡದ ನಡಿಗೆಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಊರಿಗೆ ಬಂದೆ. ಫಿಲ್ಮ್ ತೊಳೆಯಲು ಮದರಾಸಿಗೆ ಹೋಯಿತು. ಅದು ಬರುವವರೆಗೆ ನಾನು ಮಾಡದ ಅನುಮಾನವಿಲ್ಲ. ಬೆಳಕು ಹೆಚ್ಚಾಗಿರಬಹುದು, ಬಾಳೆಎಲೆ ಅಡ್ಡ ಬಂದಿರಬಹುದು, ಕೇಳಿಸಿದ ಹೆಜ್ಜೆ ನನ್ನ ಆಸೆಯ ಹೆಜ್ಜೆಯಾಗಿರಬಹುದು.

ಕೊನೆಗೆ ಒಂದು ಮಧ್ಯಾಹ್ನ ಪರದೆಗಳನ್ನೆಳೆದು ಪ್ರೊಫೆಸರು, ನಾನು ಕೂತೆವು. ಪ್ರೊಜೆಕ್ಟರು ಓಡಿತು. ಖಾಲಿ ಗೋಡೆ, ಸುಣ್ಣದ ಗೆರೆ. ಬಹಳ ಹೊತ್ತು ಬರೀ ಗೋಡೆ. ಅವರು ಬೊಟ್ಟು ಹಚ್ಚುತ್ತಿದ್ದ ಸಮಯವದು. ಆಮೇಲೆ ಎಡಗಡೆಯಿಂದ ಮುಂಡು ಮೇಲೆ ಕಟ್ಟಿದ ಇಬ್ಬರು ಬಂದರು, ಮಂಡಿಗಳ ಮೇಲೆ ಬಿಳಿ ಬೊಟ್ಟು, ಏನೋ ಹೇಳಿಕೊಂಡು ನಗುತ್ತ. ಹೋದರು, ತಿರುಗಿ ಬಂದರು. ಚಿತ್ರ ಅಷ್ಟೇನೂ ಸ್ಪಷ್ಟವಿರಲಿಲ್ಲ, ಬಿಸಿಲಿನಲ್ಲಿ ಮರವೂ ಚರ್ಮವೂ ಒಂದೇ ಬೂದು.

ಪ್ರೊಫೆಸರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಇವರಿಬ್ಬರಲ್ಲಿ ನಮ್ಮವರು ಯಾರ್ರೀ?”

ತಮಾಷೆಗೆ ಕೇಳಿದರೋ, ನಿಜವಾಗಿ ಗೊತ್ತಾಗಲಿಲ್ಲವೋ, ನನಗೆ ಇವತ್ತಿಗೂ ತಿಳಿಯದು. “ಇನ್ನೊಂದ್ಸಲ ನೋಡಿ ಸಾರ್,” ಎಂದು ರೀಲನ್ನು ಹಿಂದಕ್ಕೆ ಸುತ್ತಿದೆ.